ಗರ್ಭಿಣಿಯ ಕೈಯಲ್ಲಿ ಮೊಬೈಲ್: ಆ್ಯಪ್ ಇರಲಿ, ಕಾರ್ಡೂ ಇರಲಿ

ಮುಂಬಯಿ ಮಹಾನಗರ ಹಾಗೂ ಅದರ ಉಪನಗರಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮನೆಗಳಲ್ಲಿ ಸೊಸೆ ಬಸುರಿ ಎಂಬ ಶುಭ ಸುದ್ದಿ ಊರಿನಲ್ಲಿರುವ ಅತ್ತೆಗೆ ತಲುಪುವ ಮುನ್ನ ಈಗ ಮೊಬೈಲ್ ಫೋನಿನ ಆ್ಯಪ್ ಒಂದಕ್ಕೆ ತಲುಪಿರುತ್ತದೆ. ಕೊನೆಯ ಮುಟ್ಟಿನ ದಿನಾಂಕವನ್ನು ತುಂಬಿದರೆ ಸಾಕು. ಹೆರಿಗೆಯ ದಿನ ಯಾವುದು, ಇದು ಎಷ್ಟನೆಯ ವಾರ, ಮಗು ಈಗ ಎಷ್ಟು ಬೆಳೆದಿದೆ, ಮುಂದಿನ ತಪಾಸಣೆ ಎಂದು ಎಂಬುದೆಲ್ಲ ಕ್ಷಣಾರ್ಧದಲ್ಲಿ ಪರದೆಯ ಮೇಲೆ ಮೂಡುತ್ತದೆ. ವಿರಾರ್, ನಾಲಾಸೋಪಾರ, ಮೀರಾರೋಡ್, ಡೊಂಬಿವಲಿ, ಪನ್ವೇಲ್ ಕಡೆಗಳಲ್ಲಿ ಒಂದೆರಡು ಕೋಣೆಗಳ ಫ್ಲ್ಯಾಟುಗಳಲ್ಲಿ ಗಂಡ-ಹೆಂಡತಿ ಇಬ್ಬರೇ ಸಂಸಾರ ಹೂಡಿರುವ ಈ ಕಾಲದಲ್ಲಿ ಇದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಹಿಂದೆ ಚಾಳುಗಳಲ್ಲಿ ವಾಸವಿದ್ದ ಕಾಲದಲ್ಲಿ ಬಸುರಿ ಹೆಂಗಸಿಗೆ ಹೇಳಿ ಕೇಳುವವರ ಕೊರತೆ ಇರಲಿಲ್ಲ. ಪಕ್ಕದ ಖೋಲಿಯ ಹಿರಿಯ ಅಕ್ಕ, ಎದುರಿನ ಮರಾಠಿ ಮಾವಶಿ, ಮಹಡಿಯ ಮೇಲಿನ ದೊಡ್ಡಮ್ಮ ಹೀಗೆ ಯಾರಾದರೊಬ್ಬರು ಮುಖ ನೋಡಿಯೇ ‘ಕಾಲು ಬಾತಿದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ?’ ಎಂದು ಕೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ಎಲ್ಲವೂ ಸರಿಯಾಗಿತ್ತೆಂದಲ್ಲ. ಗ್ರಹಣದ ಭಯ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಕಡಿಮೆ ಉಣ್ಣಿಸುವ ಪದ್ಧತಿ ಇವೂ ಅದರ ಜತೆಗೇ ಇದ್ದವು. ಆದರೆ ಕಣ್ಣಿಟ್ಟು ನೋಡುವ ಒಬ್ಬರು ಇದ್ದರು. ಇಂದು ಬೆಳಗ್ಗೆ ಏಳರ ಲೋಕಲ್ ಹಿಡಿದು ಕಚೇರಿಗೆ ಹೋಗಿ ರಾತ್ರಿ ಎಂಟಕ್ಕೆ ಮರಳುವ ಹೆಣ್ಣುಮಗಳಿಗೆ ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿರುವುದಿಲ್ಲ. ಆ ಖಾಲಿ ಜಾಗಕ್ಕೆ ಆ್ಯಪ್ ಬಂದು ಕುಳಿತಿದೆ.

ಬಂದದ್ದರಿಂದ ಲಾಭವೇ ಇಲ್ಲವೇ? ಖಂಡಿತ ಇದೆ. ಗರ್ಭಿಣಿಯ ಆರೈಕೆಯಲ್ಲಿ ಅರ್ಧದಷ್ಟು ಕೆಲಸ ನೆನಪಿಟ್ಟುಕೊಳ್ಳುವ ಕೆಲಸ. ಸರಕಾರದ ನಿಯಮದಂತೆ ಮೊದಲ ಮೂರು ತಿಂಗಳು ಫೋಲಿಕ್ ಆ್ಯಸಿಡ್ ಮಾತ್ರೆ, ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ, ಅದರ ಜತೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ನುಂಗಬೇಕು. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಹೊಟ್ಟೆಗೆ ಹೋದರೆ ಒಂದು ಇನ್ನೊಂದರ ಹೀರಿಕೆಯನ್ನು ತಡೆಯುತ್ತದೆ. ಚಹಾದ ಜತೆ ನುಂಗಿದರೂ ಕಬ್ಬಿಣಾಂಶ ವ್ಯರ್ಥ. ಇದನ್ನೆಲ್ಲ ತಪ್ಪದೆ ಪಾಲಿಸುವುದು ಸುಲಭವಲ್ಲ ಎನ್ನುವುದಕ್ಕೆ ಅಂಕಿ-ಅಂಶವೇ ಸಾಕ್ಷಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 180 ದಿನಗಳ ಮಾತ್ರೆಯನ್ನು ಪೂರ್ತಿ ಸೇವಿಸಿದ ತಾಯಂದಿರು ಶೇ. 26 ಮಾತ್ರ. ಅದೇ ಸಮೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದ ಗರ್ಭಿಣಿಯರು ಶೇ. 52.2. ಅಂದರೆ ಇಬ್ಬರಲ್ಲಿ ಒಬ್ಬರಿಗೆ ರಕ್ತ ಕಡಿಮೆ, ನಾಲ್ವರಲ್ಲಿ ಒಬ್ಬರಷ್ಟೇ ಮಾತ್ರೆ ಮುಗಿಸುವವರು. ರಾತ್ರಿ ಒಂಬತ್ತಕ್ಕೆ ಫೋನು ಟಿಣ್ ಎಂದು ಮಾತ್ರೆಯನ್ನು ನೆನಪಿಸಿದರೆ ಅದು ಸಣ್ಣ ಉಪಕಾರವೇನಲ್ಲ.

ಆದರೆ ಆ್ಯಪ್ ತೋರಿಸುವ ಹೆರಿಗೆಯ ದಿನಾಂಕವನ್ನು ದೇವರ ಮಾತಿನಂತೆ ನಂಬಿ ಮಂಗಳೂರಿಗೆ ಟಿಕೆಟ್ ಕಾಯ್ದಿರಿಸುವವರೂ ಇದ್ದಾರೆ. ಈ ಲೆಕ್ಕದ ಮರ್ಮ ಸರಳ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಸೇರಿಸಿದರೆ ಬರುವುದೇ ಆ ದಿನಾಂಕ. ಮುಟ್ಟು 28 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ ಎಂಬುದು ಅದರ ಊಹೆ. 35 ದಿನಕ್ಕೊಮ್ಮೆ ಆಗುವವರಿಗೆ ಲೆಕ್ಕ ಒಂದು ವಾರ ತಪ್ಪುತ್ತದೆ. ದಿನಾಂಕವೇ ನೆನಪಿಲ್ಲದವರಿಗೆ ಕೇಳುವುದೇ ಬೇಡ. ಆದುದರಿಂದಲೇ ವೈದ್ಯರು ಮೊದಲ ಮೂರು ತಿಂಗಳೊಳಗಿನ ಸೋನೋಗ್ರಫಿಗೆ ಹೆಚ್ಚು ಬೆಲೆ ಕೊಡುವುದು. ಹೆರಿಗೆ ಮಾತ್ರವಲ್ಲ, 11ರಿಂದ 14 ವಾರಗಳ ನಡುವಿನ ಸ್ಕ್ಯಾನ್, 18-20ನೇ ವಾರದಲ್ಲಿ ಅಂಗಾಂಗಗಳ ಬೆಳವಣಿಗೆ ನೋಡುವ ಸ್ಕ್ಯಾನ್, 24ರಿಂದ 28ನೇ ವಾರದ ಸಕ್ಕರೆ ಪರೀಕ್ಷೆ ಎಲ್ಲವೂ ಈ ಎಣಿಕೆಯ ಮೇಲೆಯೇ ನಿಂತಿವೆ. ವೈದ್ಯರು ತಿದ್ದಿ ಬರೆದ ದಿನಾಂಕವನ್ನು ಆ್ಯಪಿನಲ್ಲಿಯೂ ತಿದ್ದಬೇಕು. ಹೆಚ್ಚಿನವರು ಅದನ್ನು ಮಾಡುವುದಿಲ್ಲ. ಅಷ್ಟಕ್ಕೂ ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರರಲ್ಲಿ ನಾಲ್ಕೈದು ಮಾತ್ರ.

ಇನ್ನು ಆಹಾರದ ಸಲಹೆಯ ವಿಚಾರ. ಹೆಚ್ಚು ಪ್ರಚಾರದಲ್ಲಿರುವ ಆ್ಯಪ್‌ಗಳು ಪಾಶ್ಚಾತ್ಯ ದೇಶಗಳಲ್ಲಿ ಸಿದ್ಧವಾದಂಥವು. ಈ ವಾರ ನಿಮ್ಮ ಮಗು ಬ್ಲೂಬೆರಿಯಷ್ಟಿದೆ, ಮುಂದಿನ ವಾರ ರಾಸ್ಪ್‌ಬೆರಿಯಷ್ಟಾಗುತ್ತದೆ ಎಂದು ಅವು ಹೇಳಿದಾಗ ಕುಂದಾಪುರದ ಕಡೆಯ ಹೆಣ್ಣುಮಗಳಿಗೆ ಏನು ತಿಳಿಯಬೇಕು? ನೆಲ್ಲಿಕಾಯಿಯಷ್ಟು, ಲಿಂಬೆಹುಳಿಯಷ್ಟು, ಗೇರುಹಣ್ಣಿನಷ್ಟು ಎಂದರೆ ತಟ್ಟನೆ ತಿಳಿದೀತು. ಇದು ನಗೆಯ ಮಾತಾಯಿತು. ಆದರೆ ತಿನ್ನಬೇಕಾದ ಪಟ್ಟಿಯಲ್ಲಿ ಸಾಲ್ಮನ್ ಮೀನು, ಕೇಲ್ ಸೊಪ್ಪು ಎಂದು ಕಂಡು, ಅಂಥ ದುಬಾರಿ ಪದಾರ್ಥ ತಂದುಕೊಡಲಾಗದ ಗಂಡ ಕೊರಗುವುದು ನಗೆಯ ಮಾತಲ್ಲ. ಬಂಗುಡೆ, ಬೂತಾಯಿ ಮೀನುಗಳಲ್ಲಿ ಒಳ್ಳೆಯ ಕೊಬ್ಬಿನಂಶವಿದೆ. ಬಸಳೆ, ಹರಿವೆ, ನುಗ್ಗೆಸೊಪ್ಪು ದಾದರ್ ಮಾರುಕಟ್ಟೆಯಲ್ಲಿ ಸಿಗುತ್ತವೆ. ರಾಗಿಯಲ್ಲಿರುವ ಕ್ಯಾಲ್ಸಿಯಂ, ಹುರುಳಿ-ಹೆಸರು ಕಾಳಿನ ಪ್ರೋಟೀನು ಹೊಸತಾಗಿ ಕಲಿಯಬೇಕಾದ ಸಂಗತಿಗಳಲ್ಲ. ಊರಿನ ಅಡುಗೆಮನೆಯಲ್ಲಿಯೇ ಇದ್ದ ಬಲವನ್ನು ಮರೆತು ಪರದೇಶದ ಪಟ್ಟಿಗೆ ಜೋತುಬೀಳುವ ಅಗತ್ಯವಿಲ್ಲ.

ಆ್ಯಪ್‌ಗೆ ಕಾಣದ ಸಂಗತಿಗಳೂ ಇವೆ. ರಕ್ತದೊತ್ತಡವನ್ನು ಫೋನು ತಾನಾಗಿ ಅಳೆಯಲಾರದು. 140/90 ಅಥವಾ ಅದಕ್ಕಿಂತ ಮೇಲೇರಿದ ಬೀಪಿ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾತುಕೊಳ್ಳುವುದು, ಹೊಟ್ಟೆಯ ಮೇಲ್ಭಾಗದ ನೋವು ಇವು ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು ತರಬಲ್ಲ ಲಕ್ಷಣಗಳು. ಇಂಥ ಹೊತ್ತಿನಲ್ಲಿ ಆ್ಯಪ್ ತೆರೆದು ‘ತಲೆನೋವಿಗೆ ಮನೆಮದ್ದು’ ಎಂದು ಹುಡುಕುತ್ತ ಒಂದು ರಾತ್ರಿ ಕಳೆದರೆ ಆ ರಾತ್ರಿಯೇ ದುಬಾರಿಯಾದೀತು. ಏಳು ತಿಂಗಳ ಬಳಿಕ ಮಗುವಿನ ಓಡಾಟ ಎಂದಿಗಿಂತ ಕಡಿಮೆ ಎನಿಸಿದರೂ ಅಷ್ಟೆ. ಅಂದೇ ಆಸ್ಪತ್ರೆಗೆ ಹೋಗಬೇಕು. ಒದೆತ ಎಣಿಸುವ ಆ್ಯಪ್‌ಗಳಿವೆ, ಫೋನಿನಲ್ಲಿಯೇ ಮಗುವಿನ ಎದೆಬಡಿತ ಕೇಳಿಸುತ್ತೇವೆ ಎನ್ನುವ ಆ್ಯಪ್‌ಗಳೂ ಇವೆ. ತಾಯಿಯ ರಕ್ತನಾಳದ ಸಪ್ಪಳವನ್ನೇ ಮಗುವಿನ ಬಡಿತವೆಂದು ನಂಬಿ ಸಮಾಧಾನಪಟ್ಟುಕೊಳ್ಳುವ ಅಪಾಯ ಅಲ್ಲಿದೆ. ವೈದ್ಯಕೀಯ ಸಲಕರಣೆಯ ಕೆಲಸವನ್ನು ಆಟಿಕೆಯಿಂದ ಮಾಡಿಸುವುದು ಬೇಡ.

ಹೊರನಾಡ ಕನ್ನಡಿಗರ ಮಟ್ಟಿಗೆ ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆಯದೇ ಇದೆ. ಇಲ್ಲಿನ ಬಸುರಿತನ ಎರಡು ಊರುಗಳಲ್ಲಿ ನಡೆಯುವಂಥದು. ಮೊದಲ ಆರೇಳು ತಿಂಗಳು ಮುಂಬಯಿ, ಪುಣೆ, ಹೈದರಾಬಾದಿನಲ್ಲಿ. ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆ ತವರಿನಲ್ಲಿ. ಮತ್ಸ್ಯಗಂಧಾ ರೈಲು ಹತ್ತಿ ಉಡುಪಿಯಲ್ಲೋ ಮಂಗಳೂರಿನಲ್ಲೋ ಇಳಿದ ಹೆಣ್ಣುಮಗಳು ಹೊಸ ವೈದ್ಯರ ಎದುರು ಕುಳಿತಾಗ ಆಕೆಯ ಆರು ತಿಂಗಳ ಚರಿತ್ರೆ ಎಲ್ಲಿರುತ್ತದೆ? ಸೋನೋಗ್ರಫಿಯ ವರದಿ ಇಲ್ಲಿನ ಕಪಾಟಿನಲ್ಲಿ, ರಕ್ತ ಪರೀಕ್ಷೆಯ ಚೀಟಿ ಗಂಡನ ಆಫೀಸ್ ಬ್ಯಾಗಿನಲ್ಲಿ, ಉಳಿದದ್ದು ಬಾಯಿಮಾತಿನಲ್ಲಿ. ಇಲ್ಲಿ ‘ಸೋನೋಗ್ರಫಿ’ ಎನ್ನುವುದನ್ನು ಅಲ್ಲಿ ‘ಸ್ಕ್ಯಾನಿಂಗ್’ ಎನ್ನುತ್ತಾರೆ. ಇಲ್ಲಿನ ಮಾತಾ-ಬಾಲ ಕಾರ್ಡಿಗೆ ಅಲ್ಲಿ ‘ತಾಯಿ ಕಾರ್ಡ್’ ಎಂದು ಹೆಸರು. ಹೆಸರು ಬೇರೆಯಾದರೂ ದಾಖಲೆಯ ಉದ್ದೇಶ ಒಂದೇ. ಆದರೆ ಖಾಸಗಿ ವೈದ್ಯರಲ್ಲಿ ತೋರಿಸಿಕೊಳ್ಳುವ ಮಧ್ಯಮ ವರ್ಗದ ಎಷ್ಟೋ ಕುಟುಂಬಗಳು, ಅದು ಬಡವರ ಕಾರ್ಡ್ ಎಂಬ ತಪ್ಪು ತಿಳಿವಳಿಕೆಯಿಂದ ಅದನ್ನು ಮಾಡಿಸಿಕೊಳ್ಳುವುದೇ ಇಲ್ಲ.

ಒಂದೇ ಉದಾಹರಣೆ ನೋಡಬಹುದು. ತಾಯಿಯ ರಕ್ತದ ಗುಂಪು ನೆಗೆಟಿವ್, ತಂದೆಯದು ಪಾಸಿಟಿವ್ ಆಗಿದ್ದರೆ ಸಾಮಾನ್ಯವಾಗಿ 28ನೇ ವಾರದಲ್ಲಿ ಒಮ್ಮೆ, ಮತ್ತು ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಅದು ತಪ್ಪಿದರೆ ಮೊದಲ ಮಗುವಿಗೆ ಹೆಚ್ಚಾಗಿ ಏನೂ ಆಗದು. ಪೆಟ್ಟು ಬೀಳುವುದು ಮುಂದಿನ ಮಗುವಿನ ಮೇಲೆ. ಈಗ ಲೆಕ್ಕ ಹಾಕಿ: 28ನೇ ವಾರ ಎಂದರೆ ಏಳನೆಯ ತಿಂಗಳು. ಸೀಮಂತವಾಗಿ ಊರಿಗೆ ಹೊರಡುವ ತಿಂಗಳೂ ಅದೇ. ಮುಂಬಯಿಯ ವೈದ್ಯರು ‘ಊರಿಗೆ ಹೋದ ಮೇಲೆ ತೆಗೆದುಕೊಳ್ಳಿ’ ಎನ್ನುತ್ತಾರೆ, ಊರಿನ ವೈದ್ಯರು ‘ಅಲ್ಲಿ ಆಗಿರಬೇಕು’ ಎಂದುಕೊಳ್ಳುತ್ತಾರೆ. ಸಕ್ಕರೆ ಪರೀಕ್ಷೆಯ ಸಮಯವೂ ಇದೇ ಹೊತ್ತಿಗೆ ಬರುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ರಕ್ತ ನೋಡುವ ಈ ಪರೀಕ್ಷೆಗೆ ಸರಕಾರಿ ಮಾರ್ಗಸೂಚಿಯಂತೆ ಖಾಲಿ ಹೊಟ್ಟೆಯೂ ಬೇಕಿಲ್ಲ. 140 ಅಥವಾ ಮೇಲೆ ಬಂದರೆ ಗರ್ಭಾವಸ್ಥೆಯ ಮಧುಮೇಹ. ಪ್ರಯಾಣದ ಗಡಿಬಿಡಿಯಲ್ಲಿ ಇದೂ ಕೈಬಿಟ್ಟು ಹೋಗುತ್ತದೆ. ಎರಡು ಊರುಗಳ ನಡುವೆ ಬೀಳುವ ಈ ಬಿರುಕನ್ನು ಮುಚ್ಚಲು ಮೊಬೈಲ್ ನಿಜಕ್ಕೂ ನೆರವಾಗಬಲ್ಲದು. ಪ್ರತಿ ವರದಿಯ ಫೋಟೋ, ಪ್ರತಿ ಭೇಟಿಯ ಬೀಪಿ, ತೂಕ, ಹಿಮೋಗ್ಲೋಬಿನ್ ಅಂಕೆಗಳನ್ನು ದಿನಾಂಕ ಸಹಿತ ತುಂಬಿಟ್ಟರೆ ಹೊಸ ವೈದ್ಯರಿಗೆ ತೋರಿಸಲು ಒಂದು ಸಾಲು ಸಿದ್ಧವಾಗಿರುತ್ತದೆ. ಬಣ್ಣಬಣ್ಣದ ಮಗುವಿನ ಚಿತ್ರಕ್ಕಿಂತ ಈ ಒಣ ಅಂಕೆಗಳೇ ಹೆಚ್ಚು ಉಪಯೋಗಕ್ಕೆ ಬರುವಂಥವು. ಜತೆಗೆ ಕಾಗದದ ಕಾರ್ಡೂ ಕೈಚೀಲದಲ್ಲಿರಲಿ. ನಡುರಾತ್ರಿ ಹೆರಿಗೆ ಕೋಣೆಗೆ ಒಯ್ಯುವ ಹೊತ್ತಿಗೆ ಫೋನಿನ ಬೀಗದ ಸಂಖ್ಯೆ ಯಾರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಸಂಸಾರಗಳೂ ಇವೆ. ಹೋಟೆಲ್, ಕ್ಯಾಂಟೀನುಗಳಲ್ಲಿ ದುಡಿಯುವ ಅದೆಷ್ಟೋ ಯುವಕರ ಹೆಂಡಂದಿರು ಊರಿನಲ್ಲಿಯೇ ಇದ್ದಾರೆ. ಗಂಡನಿಗೆ ಸಿಗುವುದು ವರುಷಕ್ಕೊಂದೆರಡು ರಜೆ. ಹೆಂಡತಿಯ ಆ್ಯಪ್‌ನ್ನು ಗಂಡನ ಫೋನಿಗೂ ಜೋಡಿಸುವ ಸೌಲಭ್ಯ ಕೆಲವು ಕಡೆ ಇದೆ. ಇಂದು ತಪಾಸಣೆಯ ದಿನ ಎಂದು ಗಲ್ಲೆಯಲ್ಲಿ ಕುಳಿತವನಿಗೆ ತಿಳಿದು, ಸಂಜೆ ಫೋನ್ ಮಾಡಿ ‘ಬೀಪಿ ಎಷ್ಟಿತ್ತು?’ ಎಂದು ಕೇಳುವಂತಾದರೆ ಅದಕ್ಕಿಂತ ಒಳ್ಳೆಯ ಬಳಕೆ ಬೇರೆ ಯಾವುದಿದೆ! ಗರ್ಭಿಣಿಯ ಆರೋಗ್ಯ ಹೆಂಗಸರಿಗೆ ಬಿಟ್ಟ ವಿಷಯ ಎಂಬ ಹಳೆಯ ಧೋರಣೆ ಇದರಿಂದ ಸ್ವಲ್ಪವಾದರೂ ಸಡಿಲವಾದೀತು.

ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ ಎಂಬ ಊಹೆಯೂ ಸರಿಯಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ಶೇ. 53.9. ಆದುದರಿಂದ ಆ್ಯಪ್ ಬೇಡದ, ಓದಲೂ ಬೇಕಿಲ್ಲದ ವ್ಯವಸ್ಥೆಗಳು ಹುಟ್ಟಿಕೊಂಡವು. ಡಾ. ಅಪರ್ಣಾ ಹೆಗ್ಡೆ ಅವರು 2008ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಅರ್ಮಾನ್ ಸಂಸ್ಥೆಯ ‘ಎಂಮಿತ್ರ’ ಯೋಜನೆ ಸ್ತುತ್ಯರ್ಹ. ಹೆಸರು ನೋಂದಾಯಿಸಿದ ಗರ್ಭಿಣಿಯ ಸಾದಾ ಫೋನಿಗೆ ಆಕೆಯ ತಿಂಗಳಿಗೆ ತಕ್ಕ ಸಲಹೆಯನ್ನು ಆಕೆ ಹೇಳಿದ ಹೊತ್ತಿನಲ್ಲಿ ಉಚಿತ ಧ್ವನಿ ಕರೆಯ ಮೂಲಕ ಕೇಳಿಸುವುದು ಅದರ ಕ್ರಮ. ಕೇಂದ್ರ ಸರಕಾರವು 2016ರಲ್ಲಿ ಆರಂಭಿಸಿದ ‘ಕಿಲ್ಕಾರಿ’ ಕೂಡ ಇದೇ ಮಾದರಿಯದು. ನಾಲ್ಕನೆಯ ತಿಂಗಳಿನಿಂದ ಮಗುವಿಗೆ ವರ್ಷ ತುಂಬುವ ತನಕ ವಾರಕ್ಕೊಂದರಂತೆ 72 ಕರೆಗಳು. ಮಾತಿನ ರೂಪದಲ್ಲಿ ಬರುವ ಸಲಹೆಯನ್ನು ಅತ್ತೆ, ಗಂಡ ಎಲ್ಲರೂ ಕೂತು ಕೇಳಬಹುದು. ಆದರೆ ಭಾಷೆಯ ತೊಡಕು ಇಲ್ಲಿ ಎದುರಾಗುತ್ತದೆ. ಮುಂಬಯಿಯ ಈ ಕರೆಗಳು ಪ್ರಾರಂಭವಾದದ್ದು ಹಿಂದಿ-ಮರಾಠಿಯಲ್ಲಿ. ಮದುವೆಯಾಗಿ ನೇರ ಊರಿನಿಂದ ಬಂದ ಹುಡುಗಿಗೆ ಪೇಟೆಯ ಹಿಂದಿ ಬಂದರೂ ಗರ್ಭಕೋಶ, ರಕ್ತಸ್ರಾವ, ಸೆಳೆತ ಎಂಬ ಮಾತುಗಳು ಆ ಭಾಷೆಯಲ್ಲಿ ತಿಳಿಯುವುದಿಲ್ಲ. ಅರ್ಥವಾಗದಿದ್ದರೂ ‘ಹಾ ಹಾ’ ಎಂದು ತಲೆಯಾಡಿಸಿ ಆಸ್ಪತ್ರೆಯಿಂದ ಹೊರಬರುವುದು ಹೊಸತೇನಲ್ಲ.

ಖಾಸಗಿತನದ ಬಗೆಗೂ ಎರಡು ಮಾತು ಅಗತ್ಯ. ಮುಟ್ಟು, ಗರ್ಭ, ಗರ್ಭಪಾತ ಇವು ಹೆಣ್ಣು ತನ್ನ ಒಡಹುಟ್ಟಿದವರಿಗೂ ಹೇಳದ ವಿಷಯಗಳು. ಅವನ್ನು ಕಾಣದ ಕಂಪೆನಿಯೊಂದಕ್ಕೆ ಒಪ್ಪಿಸಲಾಗುತ್ತಿದೆ. ಕೋಟ್ಯಂತರ ಮಹಿಳೆಯರು ಬಳಸುತ್ತಿದ್ದ ‘ಫ್ಲೋ’ ಎಂಬ ಆ್ಯಪ್, ಗುಟ್ಟಾಗಿಡುವುದಾಗಿ ಹೇಳಿದ್ದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮೊದಲಾದ ಕಂಪೆನಿಗಳ ವಿಶ್ಲೇಷಣಾ ವಿಭಾಗಗಳಿಗೆ ನೀಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2021ರಲ್ಲಿ ಆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಭಾರತದಲ್ಲಿ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಅಂಗೀಕಾರವಾಗಿದೆ ನಿಜ. ಆದರೂ ಫೋನಿನ ಸಂಪರ್ಕ ಪಟ್ಟಿ, ಇರುವ ಜಾಗ, ಫೋಟೋಗಳನ್ನೆಲ್ಲ ಕೇಳುವ ಆ್ಯಪ್‌ಗೆ ಇವೆಲ್ಲ ಏಕೆ ಬೇಕು ಎಂದು ಕೇಳಿಕೊಂಡು ‘ಬೇಡ’ ಎಂಬ ಗುಂಡಿ ಒತ್ತುವುದು ಬಳಸುವವರ ಕೈಯಲ್ಲೇ ಇದೆ.

ಇನ್ನೊಂದು ಬಗೆಯ ಆ್ಯಪ್‌ಗಳನ್ನಂತೂ ಫೋನಿನಿಂದ ಕಿತ್ತುಹಾಕುವುದೇ ಸರಿ. ತಾಯಿಯ ವಯಸ್ಸು, ಗರ್ಭ ನಿಂತ ತಿಂಗಳು ಹೇಳಿದರೆ ಮಗು ಗಂಡೋ ಹೆಣ್ಣೋ ಎಂದು ಹೇಳುತ್ತೇವೆ ಎನ್ನುವ ‘ಚೀನಾ ಕ್ಯಾಲೆಂಡರ್’ಗಳು ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚಿನವೇನಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಅಂತರ್ಜಾಲವೂ ಸೇರಿ ಯಾವ ಮಾಧ್ಯಮದಲ್ಲೂ ಅದರ ಜಾಹೀರಾತು ಕೂಡದು. ತಮಾಷೆಗೆ ನೋಡಿದೆವು ಎನ್ನುವವರ ಮನೆಯಲ್ಲಿ ಆ ತಮಾಷೆಯ ಉತ್ತರ ‘ಹೆಣ್ಣು’ ಎಂದು ಬಂದ ಮೇಲೆ ಸೊಸೆಯ ಮೇಲೆ ಬೀಳುವ ನೋಟ ತಮಾಷೆಯದಾಗಿರುವುದಿಲ್ಲ.

ಇಷ್ಟೆಲ್ಲ ಏಕೆ ಹೇಳಬೇಕಾಯಿತು ಎಂದರೆ, ಹೆರಿಗೆಯಲ್ಲಿ ತಾಯಿ ಸಾಯುವುದು ಮುಗಿದುಹೋದ ಕಥೆಯಲ್ಲ. 2018-20ರ ಮಾದರಿ ನೋಂದಣಿ ಅಂಕಿ-ಅಂಶದಂತೆ ಲಕ್ಷ ಸಜೀವ ಜನನಕ್ಕೆ ಮಹಾರಾಷ್ಟ್ರದಲ್ಲಿ 33, ಕರ್ನಾಟಕದಲ್ಲಿ 69 ತಾಯಂದಿರು ಮೃತಪಟ್ಟಿದ್ದಾರೆ. ಕೇರಳದಲ್ಲಿ ಅದು 19. ದಕ್ಷಿಣದ ಐದು ರಾಜ್ಯಗಳ ಪೈಕಿ ಕರ್ನಾಟಕದ್ದೇ ಹೆಚ್ಚು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಬಳಿಕ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸಾವಿಗೀಡಾದಾಗ ನಾಡೇ ಕಳವಳಗೊಂಡಿತ್ತು. ಅಂಥದನ್ನು ಯಾವ ಆ್ಯಪ್ ಕೂಡ ತಡೆಯಲಾರದು, ಅದು ಸರಕಾರದ ಹೊಣೆ. ಆದರೆ ಗೊತ್ತಾಗದೆ ಉಳಿದ ರಕ್ತಹೀನತೆ, ಅಳೆಯದ ಬೀಪಿ, ತಡವಾಗಿ ಆಸ್ಪತ್ರೆ ತಲುಪುವುದು ಇವು ಮನೆಯವರು, ನೆರೆಹೊರೆಯವರು, ಸಮಾಜ ಎಚ್ಚರವಿದ್ದರೆ ತಪ್ಪಿಸಬಹುದಾದವು.

ಸಮಾಜ ಎಂದಾಗ ಇಲ್ಲಿ ನೆನಪಾಗುವುದು ಸಂಘ-ಸಂಸ್ಥೆಗಳೇ. ಮುಂಬಯಿಯಲ್ಲಿ ಕನ್ನಡಿಗರ ಜಾತೀಯ, ಪ್ರಾದೇಶಿಕ, ಸಾಂಸ್ಕೃತಿಕ ಸಂಘಟನೆಗಳಿಗೆ ಲೆಕ್ಕವಿಲ್ಲ. ವೈದ್ಯಕೀಯ ಶಿಬಿರ ನಡೆಸದ ಸಂಘ ವಿರಳ. ಆದರೆ ಆ ಶಿಬಿರಗಳಲ್ಲಿ ನಡೆಯುವುದು ಕಣ್ಣಿನ ತಪಾಸಣೆ, ಕನ್ನಡಕ ವಿತರಣೆ, ಹಿರಿಯರ ಶುಗರ್-ಬೀಪಿ. ಎಲ್ಲವೂ ಬೇಕಾದದ್ದೇ. ಗರ್ಭಿಣಿಯರಿಗೆಂದೇ ಒಂದು ಭಾನುವಾರ ಮೀಸಲಿಟ್ಟ ಸಂಘಗಳು ಎಷ್ಟಿವೆ? ಸಭಾಭವನ ಇದೆ, ಸಮಾಜದ ವೈದ್ಯರಿದ್ದಾರೆ, ಮಹಿಳಾ ವಿಭಾಗ ಇದೆ. ಅರಸಿನ-ಕುಂಕುಮ, ಆಟಿಡೊಂಜಿ ದಿನದ ನಡುವೆ ಮೂರು ತಿಂಗಳಿಗೊಮ್ಮೆ ಇಂಥದೊಂದು ಕೂಟ ಭಾರವಾಗದು. ಅಲ್ಲಿ ತುಳು, ಕನ್ನಡ, ಕೊಂಕಣಿಯಲ್ಲಿ ಧೈರ್ಯವಾಗಿ ಪ್ರಶ್ನೆ ಕೇಳಬಹುದು. ಆ್ಯಪಿನಲ್ಲಿ ದಿನಾಂಕ ತಿದ್ದುವುದು, ಅನುಮತಿಗಳನ್ನು ಮುಚ್ಚುವುದು, ವರದಿಗಳನ್ನು ಜೋಡಿಸಿಡುವುದು ಇದನ್ನೆಲ್ಲ ಯುವ ವಿಭಾಗದ ಹುಡುಗ-ಹುಡುಗಿಯರು ಅರ್ಧ ಗಂಟೆಯಲ್ಲಿ ಕಲಿಸಿಕೊಡಬಲ್ಲರು. ಆಸ್ಪತ್ರೆಗೆ ಜತೆಯಲ್ಲಿ ಹೋಗಿ ವೈದ್ಯರ ಮಾತನ್ನು ತಿಳಿಸಿ ಹೇಳಲು ಪ್ರತಿ ಸ್ಥಳೀಯ ಸಮಿತಿಯಲ್ಲಿ ಇಬ್ಬರು ಮಹಿಳೆಯರ ಹೆಸರು ಗೊತ್ತುಮಾಡಿದರೆ ಮತ್ತೂ ಒಳ್ಳೆಯದು.

ಹಣ ಖರ್ಚಿನ ಚಿಂತೆ ಇರುವವರಿಗೆ ಸರಕಾರದ ದಾರಿಯೂ ತೆರೆದಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ಸರಕಾರಿ ಕೇಂದ್ರಗಳಲ್ಲಿ ನಾಲ್ಕನೆಯ ತಿಂಗಳಿನ ಮೇಲಿನ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಖಾಸಗಿಯಲ್ಲಿ ತೋರಿಸುವವರೂ ಹೋಗಬಹುದು. ಸಂಘದ ಕಚೇರಿಯ ಫಲಕದಲ್ಲಿ, ವಾಟ್ಸ್‌ಆ್ಯಪ್ ಬಳಗದಲ್ಲಿ ನಿಧನ ವಾರ್ತೆ, ಅಭಿನಂದನೆ, ಯಕ್ಷಗಾನದ ಪ್ರಕಟಣೆಗಳ ಜತೆಗೆ ತಿಂಗಳ 7ನೇ ತಾರೀಕಿಗೊಮ್ಮೆ ಇದನ್ನೂ ಕನ್ನಡದಲ್ಲಿ, ಹತ್ತಿರದ ಕೇಂದ್ರದ ವಿಳಾಸ ಸಹಿತ ಹಾಕುವ ಕೆಲಸವನ್ನು ಕಾರ್ಯದರ್ಶಿಗಳು ಬರುವ ತಿಂಗಳಿನಿಂದಲೇ ಶುರುಮಾಡಬಹುದು.